ಓಡುವ ಬಲಗೈ ಮತ್ತು ಬ್ಲೂಗ್ರಾಸ್ ಗಿಟಾರು

ಸರ್ವಜ್ಞನಗರದಲ್ಲಿ, ಅಂದರೆ ಅಲ್ಲಿನವರೆಲ್ಲ ಇಂದಿಗೂ ಕಾಕ್ಸ್ ಟೌನ್ ಎಂದೇ ಕರೆಯುವ ಬಡಾವಣೆಯಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ವಯಸ್ಕನೊಬ್ಬ ಹಳೆಯ ಹೆಂಚಿನ ಮನೆಯ ಗೇಟಿನ ಮುಂದೆ ನಿಂತು ಒಳಗೆ ಇಣುಕುತ್ತಿದ್ದರೆ ಅವನು ದಲ್ಲಾಳಿಯೇ ಆಗಿರಬೇಕು ಎಂಬುದು ಸರ್ವಸಮ್ಮತವಾದ ಶಾಸನ. ನನಗೆ ಆ ಶಾಸನ ತಿಳಿದಿರಲಿಲ್ಲ. ಒಂದು ಶನಿವಾರ ಸಂಜೆ ಬೇಕರಿಯಲ್ಲಿ ಬನ್ನು ಕಟ್ಟಿಸಿಕೊಂಡು ಸ್ಕೂಟರಿನ ಕಡೆ ನಡೆಯುತ್ತಿದ್ದವನು, ಪಕ್ಕದ ಮನೆಯ ವರಾಂಡದಿಂದ ಬರುತ್ತಿದ್ದ ಸದ್ದು ಕೇಳಿ ಕಾಲು ಕಿತ್ತಿಡಲಾರದೆ ನಿಂತುಬಿಟ್ಟೆ. ಯಾರೋ ತಂತಿಗಳ ಮೇಲೆ ಜೋಳ ಹುರಿಯುತ್ತಿದ್ದಾರೆ ಎನ್ನುವಂಥ ಸದ್ದು ಅದು. ಅದರ ಅಡಿಯಲ್ಲಿ ಇನ್ನೊಂದು ವಾದ್ಯ ಧಂ-ಚಕ್, ಧಂ-ಚಕ್ ಎಂದು ಗಂಭೀರವಾಗಿ ಹೆಜ್ಜೆ ಹಾಕುತ್ತಿತ್ತು, ಆಗಾಗ ಎಡವುತ್ತಲೂ ಇತ್ತು.

ಸದ್ದು ಥಟ್ಟನೆ ನಿಂತಿತು. ವರಾಂಡದಿಂದ ಒಂದು ಬಿಳಿತಲೆ ಮೇಲೆದ್ದಿತು.

"ಮಾರಲ್ಲ!"

"ಏನು ಮಾರಲ್ಲ?" ಎಂದೆ.

"ಮನೆ. ಹೋದ ವಾರ ಬಂದೋನಿಗೂ ಹೇಳ್ದೆ. ಅದರ ಹೋದ ವಾರ ಬಂದೋನಿಗೂ ಹೇಳ್ದೆ. ಗೋ, ಗೋ."

"ನಾನು ಹಾಡು ಕೇಳ್ತಾ ನಿಂತಿದೀನಿ ಸ್ವಾಮಿ."

"ಓ! ಇದು ನ್ಯೂ ಟ್ರಿಕ್ಕಾ?"

ಆಗ ಒಳಗಿನಿಂದ ಇನ್ನೊಂದು ದನಿ ಕೇಳಿಸಿತು. "ಬರ್ಲಿ ಬಿಡಿ ಸಾಬ್. ಕೈಯಲ್ಲಿ ಬನ್ ಐತೆ. ದಲ್ಲಾಳಿ ಯಾವತ್ತಾದ್ರೂ ಬನ್ ತಂದವ್ನಾ?"

ಹೀಗೆ ಬನ್ನಿನ ಶಿಫಾರಸಿನಿಂದ ನಾನು ಬ್ಲೂಗ್ರಾಸ್ ಎಂಬ ವಿದ್ಯೆಯ ಹೊಸ್ತಿಲು ದಾಟಿದೆ.

ಬ್ಲೂಗ್ರಾಸ್ ಎಂದರೆ ಅಮೆರಿಕದ ಬೆಟ್ಟಸೀಮೆಯ ಜನ ತಂತಿವಾದ್ಯಗಳನ್ನಷ್ಟೇ ಇಟ್ಟುಕೊಂಡು ಹಾಡುವ ಸಂಗೀತ. ಅದರಲ್ಲಿ ತಮಟೆಯಿಲ್ಲ, ಡ್ರಮ್ಮಿಲ್ಲ. ಹಾಡುಗಳಲ್ಲಿ ಸಾಮಾನ್ಯವಾಗಿ ತಾಯಿ ತೀರಿಕೊಳ್ಳುತ್ತಾಳೆ, ಇಲ್ಲವೇ ರೈಲು ಹೊರಟುಹೋಗುತ್ತದೆ. ಉತ್ತಮ ಹಾಡಿನಲ್ಲಿ ಎರಡೂ ಆಗುತ್ತವೆ. ಸಂಗತಿ ಇಷ್ಟು ದುಃಖದ್ದಾದರೂ ರಾಗ ಮಾತ್ರ ಮದುವೆ ಮನೆಯ ಹಾಗೆ ಕುಣಿಯುತ್ತಿರುತ್ತದೆ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಕೊನೆಯ ಬಸ್ಸು ತಪ್ಪಿಸಿಕೊಂಡವನು ಅದೇ ಖುಷಿಗೆ ನಾಲ್ಕು ಹೆಜ್ಜೆ ಕುಣಿದರೆ ಹೇಗಿರುತ್ತದೋ ಹಾಗೆ.

ಆ ಬಿಳಿತಲೆಯವರನ್ನು ಇನ್ನು ಮುಂದೆ ಗುರುಗಳು ಎಂದು ಕರೆಯುತ್ತೇನೆ. ಅವರು ಕಂಟೋನ್ಮೆಂಟ್ ಎಂಬ ದಂಡಿನ ಪ್ರದೇಶದಲ್ಲೇ ಹುಟ್ಟಿ ಬೆಳೆದ ಆಂಗ್ಲೋ-ಇಂಡಿಯನ್ನರು. ಹುಡುಗನಾಗಿದ್ದಾಗ ನೆರೆಯವರೊಬ್ಬರು ಮನೆ ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ ಹೋಗುವಾಗ ಬಿಟ್ಟುಹೋದ ಒಂದು ಕಟ್ಟು ರೆಕಾರ್ಡುಗಳಿಂದ ಈ ಸಂಗೀತ ಅವರಿಗೆ ಅಂಟಿತ್ತು. ನೆರೆಯವರು ಹಿತ್ತಾಳೆಯ ಪಾತ್ರೆಗಳನ್ನೋ ಮಂಚವನ್ನೋ ಬಿಟ್ಟುಹೋಗಿದ್ದರೆ ಬದುಕು ಬೇರೆಯಾಗುತ್ತಿತ್ತು ಎಂದು ಅವರೇ ಹೇಳುತ್ತಿದ್ದರು. ಬನ್ನಿನ ಪರ ವಕಾಲತ್ತು ವಹಿಸಿದವರು ಶಿವಾಜಿನಗರದಲ್ಲಿ ಸೋಫಾ ಬಟ್ಟೆಯ ಅಂಗಡಿಯಿಟ್ಟ ಭಾಯಿ. ಗುಜರಿ ಸಾಲಿನಲ್ಲಿ ದುಂಡು ಮೈಗೆ ಚರ್ಮ ಬಿಗಿದ ಐದು ತಂತಿಯ ಒಂದು ಬ್ಯಾಂಜೊ ಕಂಡು, ಹಿಡಿ ಇರುವ ದಫ್ ವಾದ್ಯ ಇರಬೇಕೆಂದು ಕೊಂಡು ತಂದು, ಅದು ಏನೆಂದು ವಿಚಾರಿಸುತ್ತ ಗುರುಗಳ ಮನೆ ಮುಟ್ಟಿದವರು. ಜೋಳ ಹುರಿಯುತ್ತಿದ್ದುದು ಅವರೇ.

ಎಡವುತ್ತಿದ್ದ ಧಂ-ಚಕ್ ಗುರುಗಳ ಗಿಟಾರಿನದು. ಅವರ ಎಡಗೈಯ ಉಂಗುರಬೆರಳು ಮಡಚಿದರೆ ಬಿಚ್ಚದು, ಬಿಚ್ಚಿದರೆ ಮಡಚದು ಎಂಬ ಹಟ ಹಿಡಿದಿತ್ತು. ಡಾಕ್ಟರು ಗಿಟಾರು ಬಿಡಿ ಎಂದಿದ್ದರಂತೆ. ಹಾಡುವುದನ್ನು ಬಿಡಿ ಎಂದಿರಲಿಲ್ಲ. ಹಾಡಲು ಗುರುಗಳು, ಬಾರಿಸಲು ಭಾಯಿ. ನಡುವೆ ಧಂ-ಚಕ್ ಹಾಕುವ ಒಂದು ಕುರ್ಚಿ ಖಾಲಿಯಾಗುವುದರಲ್ಲಿತ್ತು.

ಆ ಕುರ್ಚಿ ನನಗೆ ಬೇಕು ಅನ್ನಿಸಿತು.

ಇದಕ್ಕೆ ಕಾರಣವಿದೆ. ನಾನು ಹುಟ್ಟಿದ್ದು ಹಲಸೂರಿನಲ್ಲಿ. ಮೀಸೆ ಬರುವ ಮೊದಲೇ ಅಲ್ಲಿನ ಭಜನೆ ಮಂಡಳಿಯಲ್ಲಿ ನನ್ನ ಕೈಗೆ ತಾಳ ಬಂದಿತ್ತು. ಮದುವೆ, ನೌಕರಿ, ಬಾಡಿಗೆ ಮನೆಗಳು, ಕೊನೆಗೆ ಕಗ್ಗದಾಸಪುರದ ಮೂರನೆಯ ಮಹಡಿ ಎಲ್ಲ ಬಂದುಹೋದರೂ ಶನಿವಾರದ ಭಜನೆಯಲ್ಲಿ ಕಂಬದ ಪಕ್ಕದ ಜಾಗ ನನ್ನದೇ ಆಗಿತ್ತು. ನಿವೃತ್ತಿಯಾಗಿ, ಇನ್ನು ಸಾವಕಾಶವಾಗಿ ತಾಳ ಹಾಕಬಹುದು ಎಂದುಕೊಳ್ಳುವಷ್ಟರಲ್ಲಿ ಮಂಡಳಿಯ ಹೊಸ ತಲೆಮಾರಿನವರು ಒಂದು ರಿದಂ ಪ್ಯಾಡ್ ತಂದರು. ಗುಂಡಿ ಒತ್ತಿದರೆ ತಾಳ, ತಬಲ, ಘಟ, ಜೊತೆಗೆ ಬೇಡವೆಂದರೂ ಒಂದು ಪೀಪಿ ಎಲ್ಲವೂ ಅದರಿಂದ ಹೊರಡುತ್ತಿದ್ದವು. "ನೀವು ಆರಾಮಾಗಿ ಕೂತ್ಕೊಂಡು ಕೇಳಿ ಅಂಕಲ್" ಎಂದರು. ಇಷ್ಟು ಗೌರವದಿಂದ ಯಾರನ್ನಾದರೂ ಹೊರಗೆ ಹಾಕಿದ್ದನ್ನು ನಾನು ಕಂಡಿಲ್ಲ. ಕಂಬದ ಪಕ್ಕದಲ್ಲಿ ಪ್ಯಾಡ್ ಕೂತಿತು. ನಾನು ಆರಾಮಾಗಿ ಕೂತು ಎರಡು ಶನಿವಾರ ಕೇಳಿದೆ. ಮೂರನೆಯದಕ್ಕೆ ಬನ್ನು ತರಲು ಕಾಕ್ಸ್ ಟೌನಿಗೆ ಹೊರಟೆ.

ಆದುದರಿಂದ, "ನಾನು ಕಲೀತೀನಿ, ಕಲಿಸಿ" ಎಂದು ಗುರುಗಳನ್ನು ಕೇಳಿದಾಗ ನನ್ನ ದನಿಯಲ್ಲಿ ನನಗೇ ಮುಜುಗರವಾಗುವಷ್ಟು ಆಸೆಯಿತ್ತು.

"ಗಿಟಾರ್ ಬರುತ್ತಾ?"

"ಇಲ್ಲ."

"ಮತ್ತೆ ಏನ್ ಬರುತ್ತೆ?"

"ತಾಳ ಬರುತ್ತೆ."

"ಎಲ್ಲರೂ ಹಾಗೇ ಹೇಳೋದು ಮ್ಯಾನ್" ಎಂದು ಗಿಟಾರನ್ನು ನನ್ನ ತೊಡೆಯ ಮೇಲಿಟ್ಟರು.

ಪಾಠ ಸರಳವಾಗಿತ್ತು. ಎಡಗೈಗೆ ಮೂರು ಹಿಡಿತಗಳು. ಬೆರಳ ತುದಿಗಳು ಉರಿದು, ಆಮೇಲೆ ಗಟ್ಟಿಯಾಗಿ, ಕೊನೆಗೆ ಮೊಬೈಲಿನ ಬೆರಳಚ್ಚು ಬೀಗವೂ ನನ್ನನ್ನು ಗುರುತಿಸಲು ನಿರಾಕರಿಸಿತು. ಆದರೆ ನಿಜವಾದ ವಿದ್ಯೆಯಿರುವುದು ಬಲಗೈಯಲ್ಲಿ. ಧಂ ಎಂದರೆ ಪಿಕ್ ಎಂಬ ಪುಟ್ಟ ಬಿಲ್ಲೆಯಿಂದ ಒಂದು ದಪ್ಪ ತಂತಿಗೆ ಪೆಟ್ಟು. ಚಕ್ ಎಂದರೆ ಉಳಿದ ತೆಳು ತಂತಿಗಳನ್ನು ಒಟ್ಟಿಗೆ ಒರೆಸಿ ಇಳಿಯುವುದು. ಮತ್ತೆ ಧಂ, ಈ ಸಲ ಬೇರೆ ದಪ್ಪ ತಂತಿ. ಮತ್ತೆ ಚಕ್. ಹಾಡು ಮುಗಿಯುವ ತನಕ ಇಷ್ಟೇ.

"ಮುಂದೆ ಏನು?" ಎಂದು ಕೆಲವು ವಾರಗಳಾದ ಮೇಲೆ ಕೇಳಿದೆ.

"ಮುಂದೆ ಧಂ-ಚಕ್."

"ಅದಾದ ಮೇಲೆ?"

"ಸಾಯೋದು."

ಆದರೂ ಈ ಒಣ ಊಟದಲ್ಲಿ ಒಂದು ಉಪ್ಪಿನಕಾಯಿ ಇದೆ. ಅದಕ್ಕೆ ಲಿಕ್ ಎನ್ನುತ್ತಾರೆ. ಹಾಡಿನ ಸಾಲು ಮುಗಿದು ಹಾಡುವವನು ಉಸಿರೆಳೆದುಕೊಳ್ಳುವ ಸಂದಿನಲ್ಲಿ ಗಿಟಾರಿನವನು ದಪ್ಪ ತಂತಿಯಿಂದ ಮೆಟ್ಟಿಲೇರಿ ಬಂದು ಮೂಲ ಸ್ವರದ ಮೇಲೆ ದೊಪ್ಪನೆ ಕೂರುವ ಪುಟ್ಟ ಓಟ ಅದು. ಅದನ್ನು ಪೂರ್ಣವಿರಾಮ ಎಂದು ತಿಳಿಯಬಹುದು, ಆದರೆ ಹುರಿಮೀಸೆಯಿರುವ ಪೂರ್ಣವಿರಾಮ. ಇಡೀ ಹಾಡಿನಲ್ಲಿ ಗಿಟಾರಿನವನ ಕಡೆ ಜನ ತಿರುಗಿ ನೋಡುವುದು ಆ ಒಂದು ಕ್ಷಣ ಮಾತ್ರ. ಗುರುಗಳು ಅದನ್ನು ಬಲು ಜಿಪುಣತನದಿಂದ, ಮಳೆಗಾಲ ಮುಗಿಯುವ ಹೊತ್ತಿಗೆ, ಹೇಳಿಕೊಟ್ಟರು. ನಾನು ಮನೆಯಲ್ಲಿ ಸಾಧನೆ ಮಾಡಿಕೊಂಡು ಬಂದು ಮುಂದಿನ ಶನಿವಾರ ಸಾಲಿನ ಕೊನೆಯಲ್ಲಿ ಬಾರಿಸಿದೆ. ಚೆನ್ನಾಗಿಯೇ ಬಂತು. ಮತ್ತೊಮ್ಮೆ ಬಾರಿಸಿದೆ. ಮೂರನೆಯ ಸಲ ಬಾರಿಸಿ, ತಾಳದ ಸಮಕ್ಕೆ ಬಂದು, ಕತ್ತು ಆಡಿಸಿ ನಿಲ್ಲಿಸಿದೆ. ಅಷ್ಟರಲ್ಲಿ ಗುರುಗಳು ಮುಂದಿನ ಸಾಲಿನ ಅರ್ಧದಲ್ಲಿದ್ದರು. ಭಾಯಿ ಬ್ಯಾಂಜೊ ಕೆಳಗಿಟ್ಟು ನೋಡುತ್ತಿದ್ದರು.

"ಮೂರು ಸಲ ಯಾಕ್ ಮ್ಯಾನ್? ನಮಗೆ ಕಿವಿ ಕೇಳಲ್ವಾ?"

"ನಮ್ಮಲ್ಲಿ ಮುಕ್ತಾಯ ಮೂರು ಸಲ" ಎಂದೆ. ಮೃದಂಗದವರು ಕಟ್ಟಕಡೆಯಲ್ಲಿ ಒಂದು ಪೆಟ್ಟಿನ ಗೊಂಚಲನ್ನು ಮೂರು ಬಾರಿ ಇಟ್ಟು ನಿಲ್ಲಿಸುವುದನ್ನು ಕೇಳಿ ಬೆಳೆದ ಕಿವಿಗೆ, ಒಂದೇ ಸಲ ಹೇಳಿ ಎದ್ದುಹೋಗುವುದು ಬೀಗರ ಮನೆಯಿಂದ ಹೇಳದೆ ಹೊರಟಂತೆ ಎಂದು ವಿವರಿಸಿದೆ.

ಗುರುಗಳು ಸಾವಧಾನದಿಂದ ಕೇಳಿದರು. "ಇಲ್ಲಿ ತಾಯಿ ಒಂದ್ಸಲ ಸತ್ರೆ ಸಾಕು" ಎಂದರು.

ಈ ದೋಷ ಒಂದೆರಡು ವಾರದಲ್ಲಿ ಹೋಯಿತು. ಹೋಗದಿದ್ದದ್ದು ಇನ್ನೊಂದು. ನಾನು ಓಡುತ್ತಿದ್ದೆ.

ಓಡುವುದು ಎಂದರೆ, ಹಾಡು ಶುರುವಾದ ವೇಗದಲ್ಲೇ ಮುಗಿಯದೆ, ಮುಂದೆ ಮುಂದೆ ಹೋದಂತೆ ಚುರುಕಾಗುವುದು. ಬ್ಲೂಗ್ರಾಸಿನಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಬ್ಯಾಂಜೊ ಸ್ವಭಾವತಃ ಓಡುವ ಪ್ರಾಣಿ. ಅದರ ಕೊರಳಿಗೆ ಕಟ್ಟಿದ ಹಗ್ಗವೇ ಗಿಟಾರು. ಹಗ್ಗವೇ ಓಡತೊಡಗಿದರೆ ಮಾಡುವುದೇನು? ಆದರೆ ನಾನು ಬಂದ ಮನೆಯಲ್ಲಿ ಅದೇ ಧರ್ಮ. ಭಜನೆ ನಿಧಾನವಾಗಿ, ಕೆಮ್ಮುತ್ತ, ಶಾಲು ಸರಿಮಾಡಿಕೊಳ್ಳುತ್ತ ಶುರುವಾಗುತ್ತದೆ. ಎರಡನೆಯ ಸುತ್ತಿಗೆ ಚುರುಕಾಗುತ್ತದೆ. ಮೂರನೆಯದಕ್ಕೆ ತಲೆಗಳು ಆಡುತ್ತವೆ. ಕೊನೆಗೆ ತಾಳದವನು ದೇವರಿಗೂ ಉಸಿರಾಡಲು ಬಿಡುವುದಿಲ್ಲ. ಭಕ್ತಿ ಏರಿದಂತೆ ವೇಗ ಏರಲೇಬೇಕು. ಹೊರಟ ವೇಗದಲ್ಲೇ ಕೂತ ತಾಳದವನಿಗೆ ಜ್ವರವೋ ನಾಸ್ತಿಕತೆಯೋ ಇರಬೇಕೆಂದು ಹಿರಿಯರು ಅನುಮಾನಿಸುತ್ತಿದ್ದರು. ನಾನು ಹಲಸೂರಿನಲ್ಲಿ ಹೆಸರು ಪಡೆದದ್ದೇ ಏರಿಸುವುದರಲ್ಲಿ. ಜೀವಮಾನವಿಡೀ ಯಾವುದನ್ನು ನನ್ನ ಗುಣವೆಂದು ಹೊಗಳಲಾಗಿತ್ತೋ ಅದನ್ನೇ ಈ ವರಾಂಡದಲ್ಲಿ ಕಾಯಿಲೆಯೆಂದು ಗುರುತಿಸಲಾಯಿತು.

"ಎಲ್ಲಿಗೆ ಓಡ್ತಿದೀಯ ಮ್ಯಾನ್? ಬಸ್ ಬಂತಾ?" ಎಂದು ಗುರುಗಳು ಪ್ರತಿ ಹಾಡಿನ ಕೊನೆಯಲ್ಲೂ ಕೇಳುತ್ತಿದ್ದರು.

"ನಾನು ಓಡ್ಲಿಲ್ಲ."

"ಭಾಯಿ, ಇವರು ಓಡಿದ್ರಾ?"

ಭಾಯಿಗೆ ಓಟವೇ ಇಷ್ಟ. ಆದರೂ ಸತ್ಯಕ್ಕೆ ಅಪಚಾರ ಮಾಡುತ್ತಿರಲಿಲ್ಲ. "ಸಾರ್, ಶುರುವಿಗೆ ಜಟಕಾ ಗಾಡಿ ಥರಾ ಇತ್ತು. ಕೊನೆಗೆ ಆಂಬುಲೆನ್ಸ್. ನನಗೇನೂ ತಕ್ರಾರಿಲ್ಲ. ಸೈರನ್ ಒಂದು ಇರ್ಲಿಲ್ಲ ಅಷ್ಟೇ."

ನನಗೆ ಸಾಕ್ಷ್ಯ ಬೇಕಿತ್ತು. ಅದು ಮನೆಯಲ್ಲೇ ಸಿಕ್ಕಿತು. ಒಂದು ಬೆಳಿಗ್ಗೆ ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ರೈಲಿನ ಹಾಡೊಂದರ ಧಂ-ಚಕ್ ಸಾಧಿಸುತ್ತಿದ್ದೆ. ಹೆಂಡತಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಅವಳಿಗೆ ಗೊತ್ತಿಲ್ಲದೆಯೇ ಚಾಕು ನನ್ನ ಲಯಕ್ಕೆ ಸೇರಿಕೊಂಡಿತ್ತು. ಹಾಡು ಮುಗಿಯಿತು. ಅವಳು ತಟ್ಟೆಯನ್ನು ತಂದು ನನ್ನ ಮುಂದೆ ಕುಕ್ಕಿದಳು.

"ನೋಡಿ ನಿಮ್ಮ ಸಂಗೀತ."

ತಟ್ಟೆಯ ಒಂದು ಕಡೆ ಹುರುಳಿಕಾಯಿ ಅವಿಯಲ್‌ಗೆ ಹಾಕುವಷ್ಟು ಉದ್ದವಾಗಿತ್ತು. ಮಧ್ಯಕ್ಕೆ ಬರುವಾಗ ಪಲ್ಯದ ಅಳತೆ. ಆಚೆ ತುದಿಗೆ ಉಪ್ಪಿಟ್ಟಿನಲ್ಲೂ ಕಾಣದಷ್ಟು ಸಣ್ಣ ಚೂರು.

"ಇನ್ನೊಂದು ಚರಣ ಇದ್ದಿದ್ರೆ ನನ್ನ ಬೆರಳೇ ಹೋಗ್ತಿತ್ತು" ಎಂದಳು. "ಊಟ ಮಾಡೋದೂ ಹಿಂಗೇ. ಸಾರಿಗೆ ಕೂತ್ಕೊಳ್ತೀರ, ಮಜ್ಜಿಗೆಗೆ ಎದ್ದು ಓಡ್ತೀರ."

ಅಂದಿನಿಂದ ನಮ್ಮ ಮನೆಯಲ್ಲಿ ಹುರುಳಿಕಾಯಿಯ ಪರೀಕ್ಷೆ ಜಾರಿಗೆ ಬಂತು. ಯಾವ ಸಂಗೀತ ಪರೀಕ್ಷಾ ಮಂಡಳಿಯೂ ಅಷ್ಟು ನಿಷ್ಪಕ್ಷಪಾತಿಯಾಗಿರಲಾರದು. ವಾರಗಟ್ಟಲೆ ನಾನು ಅನುತ್ತೀರ್ಣನಾದೆ. ನಪಾಸಾದ ಉತ್ತರಪತ್ರಿಕೆಯನ್ನು ಮಧ್ಯಾಹ್ನ ಅನ್ನದ ಜೊತೆ ತಿಂದೆ.

ಅತ್ತ ಕಾಕ್ಸ್ ಟೌನಿನಲ್ಲಿ ಸಂಕಟ ಹೆಚ್ಚುತ್ತಿತ್ತು. ಗುರುಗಳ ಚರ್ಚಿನಲ್ಲಿ ಪ್ರತಿವರ್ಷ ಸುಗ್ಗಿಹಬ್ಬ ನಡೆಯುತ್ತದೆ. ಭಾನುವಾರದ ಪೂಜೆಯ ನಂತರ ಅಂಗಳದಲ್ಲಿ ಶಾಮಿಯಾನ ಹಾಕಿ, ಭಕ್ತರು ತಂದ ಕುಂಬಳಕಾಯಿ, ಬಾಳೆಗೊನೆ, ಕೇಕು, ಕೋಳಿಗಳನ್ನು ಹರಾಜು ಹಾಕುತ್ತಾರೆ. ಹರಾಜು ಮತ್ತು ಬಿರಿಯಾನಿಯ ನಡುವಿನ ಹೊತ್ತಿನಲ್ಲಿ ಗುರುಗಳ ಎರಡು ಹಾಡುಗಳು, ಎಷ್ಟೋ ಕಾಲದಿಂದ ನಡೆದುಬಂದ ಪದ್ಧತಿ. ಈ ಸಲ ಬೆರಳು ಪೂರ್ತಿ ಮುಷ್ಕರ ಹೂಡಿತ್ತು. ಗಿಟಾರಿನವನಿಲ್ಲದೆ ಹಾಡಿಲ್ಲ.

ಆಗ ಭಾಯಿ, ಕೇವಲ ಸದುದ್ದೇಶದಿಂದ, ಜೇಬಿನಿಂದ ಮೊಬೈಲು ತೆಗೆದರು.

"ಸಾಬ್, ಇದರಲ್ಲಿ ಬರ್ತದೆ. ನನ್ನ ಮಗಳು ಹಾಕ್ಕೊಟ್ಲು. ಸ್ಪೀಡ್ ಒಂದ್ಸಲ ಇಟ್ರೆ ಮುಗೀತು, ಕಯಾಮತ್ ಬಂದ್ರೂ ಬದ್ಲಾಗಲ್ಲ. ಟೀ ಕೂಡ ಕೇಳಲ್ಲ."

ಗುಂಡಿ ಒತ್ತಿದರು. ಮೊಬೈಲು ಧಂ-ಚಕ್ ಎಂದಿತು. ನಿರ್ವಿಕಾರವಾಗಿ, ನಿರ್ದೋಷವಾಗಿ, ಒಂದೇ ಸಮನೆ. ಗುರುಗಳು ಅದರ ಜೊತೆ ಒಂದು ಚರಣ ಹಾಡಿದರು. ನಾನು ಗಿಟಾರು ತಬ್ಬಿಕೊಂಡು ಕೂತಿದ್ದೆ. ಹಲಸೂರಿನ ಕಂಬದ ಪಕ್ಕ ಕೂತ ಪೆಟ್ಟಿಗೆ ಬಸ್ಸು ಹಿಡಿದು ಇಲ್ಲಿಯವರೆಗೂ ಬಂದಿದೆ ಎನ್ನಿಸಿತು. ಈ ಸಲ ಅದು ಇನ್ನೂ ಚಿಕ್ಕದಾಗಿತ್ತು, ಜೇಬಿನಲ್ಲೇ ಇತ್ತು.

"ಸತ್ತ ಹಾಗಿದೆ" ಎಂದರು ಗುರುಗಳು. ನನ್ನ ಜೀವ ಬಂತು. "ಬಟ್ ಓಡಲ್ಲ" ಎಂದರು. ಬಂದದ್ದು ಹೋಯಿತು.

ಅವರು ಸ್ವಲ್ಪ ಹೊತ್ತು ಬೆರಳು ನೀವಿಕೊಂಡು ತೀರ್ಪು ಕೊಟ್ಟರು. "ಲಿಸನ್ ಮ್ಯಾನ್. ಹಾರ್ವೆಸ್ಟ್ ದಿನ ಫಸ್ಟ್ ಸಾಂಗ್ ನೀನು ಹಾಕು. ಓಡದೆ ಕೊನೇವರೆಗೂ ತಂದ್ರೆ, ಚೇರ್ ನಿಂದು, ನಾನು ಸಾಯೋವರೆಗೂ. ಓಡಿದ್ರೆ ಸೆಕೆಂಡ್ ಸಾಂಗಿಂದ ಫೋನು. ನೋ ಹಾರ್ಡ್ ಫೀಲಿಂಗ್ಸ್. ನೀನು ಬಂದು ಕೂತ್ಕೊಂಡು ಕೇಳು."

ಕೂತುಕೊಂಡು ಕೇಳುವುದು ಎಂದರೇನೆಂದು ನನಗೆ ಗೊತ್ತಿತ್ತು.

ಅದಾದ ಮೇಲಿನ ದಿನಗಳಲ್ಲಿ ನಾನು ಸಾಧನೆ ಮಾಡದ ಸ್ಥಳವಿಲ್ಲ. ಕಗ್ಗದಾಸಪುರದ ರೈಲ್ವೆ ಗೇಟು ಹಾಕಿದರೆ ಇತರರು ದೇವರನ್ನೂ ಸರ್ಕಾರವನ್ನೂ ನೆನೆಯುತ್ತಾರೆ. ನಾನು ಸ್ಕೂಟರಿನ ಇಂಡಿಕೇಟರ್ ಹಾಕಿಕೊಳ್ಳುತ್ತಿದ್ದೆ. ಆ ಟಿಕ್-ಟಿಕ್ ಎಂಬುದು ಭಕ್ತಿಯಿಂದಾಗಲಿ ಭಯದಿಂದಾಗಲಿ ಏರುವುದಿಲ್ಲ. ಅದಕ್ಕೆ ಬಲಗೈಯಿಂದ ತೊಡೆಯ ಮೇಲೆ ಧಂ-ಚಕ್ ಹಾಕುತ್ತ, ಗೂಡ್ಸ್ ಗಾಡಿಯ ಡಬ್ಬಿಗಳು ಮುಗಿಯದಿರಲಿ ಎಂದು ಹಾರೈಸುತ್ತಿದ್ದೆ.

"ಅಂಕಲ್!" ಎಂದು ಒಂದು ದಿನ ಹಿಂದಿನ ಬೈಕಿನವನು ಕೂಗಿದ. "ರೈಟಿಗೆ ಎಲ್ಲೋಗ್ತೀರ? ಗೋಡೆ ಐತೆ!"

"ಎಲ್ಲೂ ಹೋಗಲ್ಲ. ತಾಳ ಹಾಕ್ತಿದೀನಿ."

ಅವನು ನನ್ನ ತೊಡೆಯನ್ನೂ ಮಿಣುಕುವ ದೀಪವನ್ನೂ ನೋಡಿದ. "ಗುರು, ಸ್ವಲ್ಪ ಗಾಡಿ ಹಿಂದಕ್ಕೆ ತಗೋ" ಎಂದು ಪಕ್ಕದವನಿಗೆ ಹೇಳಿದ. ಇಬ್ಬರೂ ನನಗೂ ತಮಗೂ ನಡುವೆ ಗೌರವದ ಅಂತರ ಬಿಟ್ಟು ನಿಂತರು.

ಹಬ್ಬದ ಹಿಂದಿನ ದಿನ ಹೆಂಡತಿ ಇಡೀ ಹಾಡಿಗೆ ಹುರುಳಿಕಾಯಿ ಹೆಚ್ಚಿದಳು. ತಟ್ಟೆಯನ್ನು ತಾನೇ ಎರಡು ಸಲ ತಿರುಗಿಸಿ ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಳತೆ. ಅಂದಿನ ಪಲ್ಯಕ್ಕೆ ಕಾಯಿತುರಿ ಧಾರಾಳವಾಗಿ ಬಿದ್ದಿತ್ತು.

ಹಬ್ಬದ ದಿನ ಶಾಮಿಯಾನದ ಕೆಳಗೆ ಮೂರು ಕುರ್ಚಿ, ಒಂದು ಮೈಕು. ಭಾಯಿ ಶುಕ್ರವಾರಕ್ಕೆ ತೊಡುವ ಬಿಳಿಯ ಜುಬ್ಬಾದಲ್ಲಿ ಬಂದಿದ್ದರು. ಗುರುಗಳು ಟೈ ಕಟ್ಟಿದ್ದರು. ಮೊಬೈಲು ಮೈಕಿನ ಪಕ್ಕದ ಸ್ಟೂಲಿನ ಮೇಲೆ, ಪೂರ್ತಿ ಚಾರ್ಜಾಗಿ, ಕರೆ ಬಂದರೆ ಸಾಕು ಎಂಬ ವಿನಯದಲ್ಲಿ ಮಲಗಿತ್ತು. ಹೆಂಡತಿ ಮುಂದಿನ ಸಾಲಿನಲ್ಲಿ, ಹರಾಜಿನಲ್ಲಿ ಗೆದ್ದ ಕುಂಬಳಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೋಳಿಗಳಲ್ಲಿ ಒಂದು ಹುಂಜ ಮಾತ್ರ ಹರಾಜಾಗದೆ ಉಳಿದು, ಬುಟ್ಟಿಯೊಳಗಿಂದ ಕತ್ತು ಹೊರಗೆ ಹಾಕಿತ್ತು.

ಚರ್ಚಿನ ಪಕ್ಕದ ಹಳೆಯ ಮನೆ ಒಡೆದು ಫ್ಲಾಟು ಕಟ್ಟುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದ ಯಾದಗಿರಿ, ರಾಯಚೂರು ಕಡೆಯ ಕುಟುಂಬಗಳು, ಭಾನುವಾರ ರಜೆಯಾದ್ದರಿಂದ, ಬೇಲಿಯ ಸಂದಿನಿಂದ ಬಂದು ಎಲ್ಲರಿಗಿಂತ ಮುಂದೆ ನೆಲದ ಮೇಲೆ ಕೂತರು. ಪಾದ್ರಿಗಳು ಯಾರನ್ನೂ ತಡೆಯಲಿಲ್ಲ. ಅವರ ನಡುವೆ ಸೆರಗು ತಲೆಯ ಮೇಲೆ ಹೊದ್ದ ಒಬ್ಬ ಹಿರಿಯ ಹೆಂಗಸು ಕೂತ ಭಂಗಿ ನೋಡಿದ ಕೂಡಲೇ ನನ್ನ ಕಣ್ಣು ಅಲ್ಲೇ ನಿಂತಿತು. ಭಜನೆಯಲ್ಲಿ ಕೂತು ಪಳಗಿದವರ ಕೂರುವಿಕೆಯೇ ಬೇರೆ. ಬೆನ್ನು ನೆಟ್ಟಗೆ, ಅಂಗೈ ಎರಡೂ ಸಿದ್ಧ.

ರೈಲಿನ ಹಾಡು ಶುರುವಾಯಿತು. ಧಂ-ಚಕ್. ಮೊದಲ ಚರಣ ಸಲೀಸಾಗಿ ಹೋಯಿತು. ಸಾಲಿನ ಕೊನೆಗೆ ಆ ಮೀಸೆಯ ಲಿಕ್ಕನ್ನು ಒಂದೇ ಒಂದು ಸಲ ಇಟ್ಟೆ. ಕೆಲವರು ತಿರುಗಿ ನೋಡಿದರು. ಎರಡನೆಯ ಚರಣಕ್ಕೆ ಆ ಹಿರಿಯಾಕೆ ಚಪ್ಪಾಳೆಗೆ ಕೈ ಎತ್ತಿದಳು. ಅವಳ ಕಡೆಯವರೆಲ್ಲ ಸೇರಿಕೊಂಡರು. ಯಾರೋ ಖಾಲಿ ನೀರಿನ ಕ್ಯಾನೊಂದನ್ನು ಮಗುಚಿ ಹಾಕಿ ಬಡಿಯತೊಡಗಿದರು. ಚರ್ಚಿನ ಜನಕ್ಕೂ ಕಾಲು ಕುಟ್ಟುವ ಧೈರ್ಯ ಬಂತು. ಇಡೀ ಅಂಗಳ ಒಂದು ಮಂಡಳಿಯಾಯಿತು.

ಚಪ್ಪಾಳೆ ಏರತೊಡಗಿತು.

ಏರದೆ ಏನು ಮಾಡೀತು? ಭಾಷೆ ತಿಳಿಯದಿದ್ದರೂ ಇದು ಯಾರೋ ಊರು ಬಿಟ್ಟು ಹೋಗುವ ಹಾಡೆಂದು ಅವರಿಗೆ ಅರ್ಥವಾಗಿರಬೇಕು. ಎಷ್ಟು ಚೆನ್ನಾಗಿ ಏರಿಸುತ್ತಿದ್ದರೆಂದರೆ, ಆ ಹಿರಿಯಾಕೆಯ ಅಂಗೈಗಳನ್ನು ನೋಡುತ್ತ ನನ್ನ ಬಲಗೈಯ ಮಣಿಕಟ್ಟು ಹಳೆಯ ಮನೆಯ ಬಾಗಿಲು ಕಂಡ ಹಸುವಿನಂತೆ ಎಳೆಯತೊಡಗಿತು. ಭಾಯಿಯ ಮುಖ ಅರಳಿತು. ಬ್ಯಾಂಜೊ ಹಗ್ಗ ಹರಿದುಕೊಂಡಿತು. ನಾನು ಗುರುಗಳ ಕಡೆ ನೋಡಿದೆ. ಅವರು ನನ್ನನ್ನು ಗದರಿಸುತ್ತಾರೆ, ಕಣ್ಣಲ್ಲೇ ತಡೆಯುತ್ತಾರೆ ಎಂದುಕೊಂಡಿದ್ದೆ.

ಗುರುಗಳು ಓಡುತ್ತಿದ್ದರು.

ಕಣ್ಣು ಮುಚ್ಚಿ, ಟೈ ಹೆಗಲ ಮೇಲೆ ಹಾರಿ, ಚಪ್ಪಾಳೆಯ ಬೆನ್ನೇರಿ ಹಾಡುತ್ತಿದ್ದರು. ಇಷ್ಟು ತಿಂಗಳು ನನಗೆ ಬಸ್ಸು ಬಂತಾ ಎಂದು ಕೇಳಿದವರು ಈಗ ತಾವೇ ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದರು. ಹಾಡುವವನ ಜೊತೆ ಹೋಗುವುದು ವಿನಯ. ಹೋಗದಿರುವುದು ನನ್ನ ಕೆಲಸ. ಜೊತೆಗೆ ಓಡಿದರೆ ಯಾರೂ ತಪ್ಪು ಹೇಳುವಂತಿರಲಿಲ್ಲ. ಗುರುಗಳೇ ಓಡಿದರು ಎನ್ನಬಹುದಿತ್ತು. ಆದರೆ ಓಡಿದ್ದು ಓಡಿದ್ದೇ. ಸ್ಟೂಲಿನ ಮೇಲೆ ಮಲಗಿದ್ದದ್ದು ಓಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಾನು ಕಣ್ಣನ್ನು ಹುಂಜದ ಮೇಲೆ ನೆಟ್ಟೆ. ಆ ಅಂಗಳದಲ್ಲಿ ಅವಸರವಿಲ್ಲದೆ ಇದ್ದ ಜೀವ ಅದೊಂದೇ. ಧಂ. ಚಕ್. ಶುರುವಾದ ವೇಗವೇ. ನನ್ನ ಸುತ್ತ ಎಲ್ಲರೂ ಮುಂದಿನ ಸ್ಟೇಷನ್ನಿನಲ್ಲಿದ್ದರು. ನಾನೊಬ್ಬನೇ ಹಿಂದಿನದರಲ್ಲಿ ಹಸಿರು ಬಾವುಟ ಹಿಡಿದು ನಿಂತಂತಿತ್ತು. ಸದ್ದು ಕಲಸಿಹೋಯಿತು. ಭಾಯಿ ಸರ್ರನೆ ನನ್ನ ಕಡೆ ತಿರುಗಿ, "ಅರೆ ಚಲೋನಾ, ನಡೀರಿ ಸಾರ್!" ಎಂದರು. ಹೆಂಡತಿ ಕುಂಬಳಕಾಯಿಯನ್ನು ಬಿಗಿಯಾಗಿ ಹಿಡಿದಳು. ಗುರುಗಳು ಕಣ್ಣು ಬಿಟ್ಟು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತು, ಇದು ಖಂಡಿತ. ನಾನು ಹುಂಜವನ್ನು ಬಿಡಲಿಲ್ಲ.

ಅವರು ಒಂದು ಪದ ನುಂಗಿದರು. ಉಸಿರೆಳೆದರು. ಮುಂದಿನ ಸಾಲನ್ನು ನನ್ನ ಧಂ ಮೇಲೆ ಇಟ್ಟರು.

ಅದಾದ ಮೇಲೆ ಬ್ಯಾಂಜೊ ಅತ್ತಿತ್ತ ಓಡಿ, ಜೊತೆಗೆ ಯಾರೂ ಇಲ್ಲವೆಂದು ಕಂಡು, ವಾಪಸು ಬಂತು. ಚಪ್ಪಾಳೆ ಚೆದುರಿ, ಅಲ್ಲೊಂದು ಇಲ್ಲೊಂದಾಗಿ, ಸತ್ತಿತು. ಕ್ಯಾನಿನವನು ಬೇಸರದಿಂದ ಕ್ಯಾನು ನೆಟ್ಟಗೆ ನಿಲ್ಲಿಸಿದ. ಹಾಡು ತಾನು ಹೊರಟ ವೇಗದಲ್ಲೇ, ವೇಳಾಪಟ್ಟಿಯಂತೆ ಬಂದ ಪ್ಯಾಸೆಂಜರ್ ಗಾಡಿಯ ಹಾಗೆ, ಯಾರೂ ಎದ್ದು ನಿಲ್ಲದ ಪ್ಲಾಟ್‌ಫಾರ್ಮಿಗೆ ಬಂದು ತಲುಪಿತು.

ಶಿಷ್ಟಾಚಾರಕ್ಕೆ ಎಷ್ಟು ಬೇಕೋ ಅಷ್ಟು ಕೈತಟ್ಟಿದರು. ಆಮೇಲಿನ ಮೌನದಲ್ಲಿ ಆ ಹಿರಿಯಾಕೆ ಪಕ್ಕದವಳಿಗೆ ಹೇಳಿದ್ದು ಮೈಕಿಗೂ ಕೇಳಿಸಿತು.

"ಎಷ್ಟ್ ಛಲೋ ಏರಿತ್ತ್ ನೋಡವಾ! ಆ ಗಿಟಾರದಾವ ಹಿಡದ ಜಗ್ಗಿದ. ತಾನೂ ಹೋಗಲಿಲ್ಲ, ಹೋಗೋರಿಗೂ ಬಿಡಲಿಲ್ಲ."

"ಅವಂಗ ಬರಂಗಿಲ್ಲ ಕಾಣಸ್ತದ ಬಿಡವಾ" ಎಂದಳು ಪಕ್ಕದವಳು, ಕರುಣೆಯಿಂದ.

ಭಾಯಿ ಜುಬ್ಬಾದ ತೋಳಿನಿಂದ ಹಣೆ ಒರೆಸಿಕೊಂಡರು. "ಏನ್ ಸಾರ್ ನೀವು! ಇಷ್ಟು ದಿನ ನೀವು ಓಡೋವಾಗ ನಾನು ಸುಮ್ನಿದ್ದೆ. ಇವತ್ತು ನಾನು ಓಡ್ಬೇಕು ಅಂದ್ರೆ ಇವತ್ತೇ ಸಿಕ್ತಾ ನಿಮಗೆ ಬ್ರೇಕು?"

ನಾನು ಗುರುಗಳ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಅವರು ಟೈಯನ್ನು ಹೆಗಲಿನಿಂದ ಇಳಿಸಿ ಸರಿಮಾಡಿಕೊಂಡು, ಮೈಕಿಗೆ ಕೈ ಅಡ್ಡ ಹಿಡಿದು, ನನ್ನ ಕಡೆ ಬಾಗಿದರು.

"ಸಿಟ್ಟು ಬಂತು ಮ್ಯಾನ್ ನಿನ್ನ ಮೇಲೆ."

"ಗೊತ್ತಾಯ್ತು."

"ಭಾಯಿಗೂ ಬಂದಿದೆ."

"ಅದೂ ಗೊತ್ತಾಯ್ತು."

"ಆ ಲೇಡಿಗೂ."

"ಕೇಳಿಸ್ತು."

ಗುರುಗಳು ತಲೆಯಾಡಿಸಿದರು. "ನನ್ನ ಮೇಲೂ ಎಲ್ರಿಗೂ ಹಿಂಗೇ ಬರ್ತಿತ್ತು. ಹೋಲ್ ಲೈಫ್. ವೆಡ್ಡಿಂಗ್ ಆದ್ರೂ ಅಷ್ಟೇ, ಕ್ರಿಸ್ಮಸ್ ಆದ್ರೂ ಅಷ್ಟೇ. ಐಯೋ, ಏನೇನ್ ಬೈದವ್ರೆ." ಹೀಗೆಂದು ಸ್ಟೂಲಿನ ಮೇಲಿದ್ದ ಮೊಬೈಲನ್ನು ಎತ್ತಿ ಭಾಯಿಯ ಕೈಗೆ ಕೊಟ್ಟರು. "ನಿನ್ನ ಡಾಟರ್‌ಗೆ ಥ್ಯಾಂಕ್ಸ್ ಹೇಳು" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಊಟಕ್ಕೆ ಎಲೆ ಹಾಕು ಎನ್ನುವಷ್ಟು ಸಾಮಾನ್ಯವಾಗಿ, "ಸೆಕೆಂಡ್ ಸಾಂಗ್. ಸ್ಪೀಡ್ ನೀನೇ ಇಡು" ಎಂದರು.

ಅಲ್ಲಿಯವರೆಗೆ ಹಾಡಿನ ವೇಗವನ್ನು ಇಡುತ್ತಿದ್ದವರು ಅವರೇ. ಬೆರಳು ಆಡದಿದ್ದಾಗಲೂ ಕಾಲಿನಿಂದ ನೆಲ ಕುಟ್ಟಿ ಅವರೇ ಇಡುತ್ತಿದ್ದರು. ಈಗ ಪಾದಗಳನ್ನು ಜೋಡಿಸಿ, ಕೈಕಟ್ಟಿ, ನಾನು ಎಲ್ಲಿ ಹೇಳಿದರೆ ಅಲ್ಲಿಂದ ಹಾಡುವವರಂತೆ ಕೂತರು. ಮೈಕಿನ ಮುಂದಿನ ಜನ ಕಾಯುತ್ತಿದ್ದರು. ಕೆಲವರು ಬಿರಿಯಾನಿಯ ಹಂಡೆಯ ಕಡೆ ಆಗಲೇ ಮುಖ ಮಾಡಿದ್ದರು.

ಇದು ತಾಯಿಯ ಹಾಡು. ಮೊದಲಿನದಕ್ಕಿಂತ ನಿಧಾನ ಇರಬೇಕಾದದ್ದು. ನಾನು ಇನ್ನೂ ಒಂದು ಕೂದಲೆಳೆ ನಿಧಾನವಾಗಿ ಇಟ್ಟೆ. ಧಂ. ಚಕ್.

ಆ ಹಿರಿಯಾಕೆ ನಾಲ್ಕು ಪೆಟ್ಟು ಕೇಳಿದಳು. ಈ ಮನುಷ್ಯನಿಂದ ಇಂದು ಏನೂ ಏರುವುದಿಲ್ಲ ಎಂದು ಖಚಿತವಾಗಿರಬೇಕು. ಸೆರಗು ಕೊಡವಿ, ಮೊಣಕಾಲು ಹಿಡಿದು ಎದ್ದು, ಬೇಲಿಯ ಸಂದಿನ ಕಡೆ ನಡೆದಳು. ನಾನು ಅವಳ ಬೆನ್ನನ್ನೇ ನೋಡುತ್ತ ಬಾರಿಸಿದೆ. ಅವಳ ಎಡಗಾಲು ಧಂ ಮೇಲೆ ಬೀಳುತ್ತಿತ್ತು, ಬಲಗಾಲು ಚಕ್ ಮೇಲೆ. ಬೇಲಿ ದಾಟುವವರೆಗೂ ಒಂದು ಹೆಜ್ಜೆಯೂ ತಪ್ಪಲಿಲ್ಲ.